ಸೆಕೆಂಡ್ ಹ್ಯಾಂಡ್ ಮಿದುಳು

ನಕ್ಷೆಗಾರನ ಕಂಪ್ಯೂಟರಿನಲ್ಲಿ ಮನೆ ತಿರುಗುತ್ತಿರಲಿಲ್ಲ. ಎಲ್ಲ ರಗಳೆಗೂ ಅದೇ ಮೂಲ.

ಅವನು ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನು. ಈಗಿನ ಗಿರಾಕಿಗಳಿಗೆ ಕಾಗದದ ಮೇಲಿನ ಗೆರೆ ಸಾಲದು. ಪರದೆಯ ಮೇಲೆ ಮನೆ ಎದ್ದು ನಿಲ್ಲಬೇಕು, ಸುತ್ತ ತಿರುಗಬೇಕು, ಬಾಗಿಲು ತೆರೆದು ಒಳಗೆ ಕರೆದುಕೊಂಡು ಹೋಗಬೇಕು. ಇವನ ಕಂಪ್ಯೂಟರಿಗೋ ಮನೆಯ ಮುಂಭಾಗ ತೋರಿಸುವಷ್ಟರಲ್ಲೇ ಏದುಸಿರು. ಮೌಸ್ ಹಿಡಿದು ಚೂರು ಎಳೆದರೆ ಗೋಡೆಗಳೆಲ್ಲ ಮಾಯವಾಗಿ, ಕಮೋಡೊಂದೇ ಗಾಳಿಯಲ್ಲಿ ತೇಲುತ್ತಾ ನಿಂತುಬಿಡುತ್ತಿತ್ತು. ಹೋದ ಸಲ ಬಂದ ಗಿರಾಕಿ ಮನೆಯ ಹಿಂಭಾಗ ಬರಲಿ ಎಂದು ಕಾದು ಕಾದು, ಕುರ್ಚಿಯಲ್ಲೇ ಗೊರಕೆ ಹೊಡೆದು, ಎಚ್ಚರವಾದ ಮೇಲೆ ನೆಟ್ಟಗೆ ಪಕ್ಕದ ಬೀದಿಯ ನಕ್ಷೆಗಾರನ ಹತ್ತಿರ ಹೋಗಿಬಿಟ್ಟಿದ್ದ. ಆಮೇಲೆ ಯಾರೂ ಇತ್ತ ತಲೆ ಹಾಕಿರಲಿಲ್ಲ.

ಇವತ್ತು ಸಂಜೆ ಹಲ್ಲಿನ ಡಾಕ್ಟರು ಸಂಸಾರ ಸಮೇತ ಬರುವವರಿದ್ದರು. ದೊಡ್ಡ ಮನೆ, ದೊಡ್ಡ ಆರ್ಡರು.

"ಇದೂ ಕೈಬಿಟ್ಟು ಹೋದ್ರೆ ನಾಳೆಯಿಂದ ಅಪ್ಪನ ಟೈಲ್ಸ್ ಅಂಗಡಿಗೆ ಹೋಗಿ ಅಷ್ಟೇ," ಎಂದಳು ಹೆಂಡತಿ, ಬೆಳಿಗ್ಗೆ ಕಾಫಿ ಲೋಟ ಕುಕ್ಕುತ್ತಾ. "ಗಿರಾಕಿಗಳಿಗೆ ಟೈಲ್ಸ್ ತೋರಿಸೋಕೆ ಒಬ್ರು ಬೇಕು ಅಂತ ಅಪ್ಪ ಕೇಳ್ತಾನೇ ಇದ್ದಾರೆ. ನೀವು ಕೇಳಿಸ್ಕೊಳ್ದೇ ಇರೋ ಥರ ಆಡ್ತಾನೇ ಇದ್ದೀರಿ."

ಮಾವ ಕೆಟ್ಟವನಲ್ಲ. ಆದರೆ ನಕ್ಷೆ ಬರೆಯುವ ಅಳಿಯನನ್ನು ನಾಲ್ಕು ಜನರ ಮುಂದೆ "ಏನಪ್ಪಾ ಇಂಜಿನಿಯರ್" ಎಂದು ಕರೆದು, ಅದು ಈಗಷ್ಟೇ ಹೊಳೆದ ಜೋಕೆಂಬಂತೆ ತಾನೇ ನಗುವವನು. ಅವನ ಅಂಗಡಿ ಸೇರಿದರೆ ಬೆಳಿಗ್ಗೆ ಟೈಲ್ಸ್ ಒರೆಸಬೇಕು, ಮಧ್ಯಾಹ್ನ ಅವನು ಯೌವನದಲ್ಲಿ ಲಾರಿ ತುಂಬಾ ಟೈಲ್ಸ್ ತಂದ ಕತೆ ಕೇಳಬೇಕು, ಸಂಜೆ ಮತ್ತೆ ಟೈಲ್ಸ್ ಒರೆಸಬೇಕು. ಅದಕ್ಕಿಂತ ಸನ್ಯಾಸ ವಾಸಿ.

ದಾರಿ ಇಲ್ಲದೇ ಇರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಕೋರಿನ, ಅಂದರೆ ಒಟ್ಟಿಗೆ ನಾಲ್ಕು ಕೆಲಸ ಮಾಡಬಲ್ಲ ಒಂದು ಪ್ರೊಸೆಸರ್ ಇತ್ತು. ಕಾಲ ಮೀರಿದ್ದು, ಅಗ್ಗದ್ದು. ಆದರೆ ಇವನ ಕಂಪ್ಯೂಟರಿಗೆ ಸರಿಯಾಗಿ ಕೂರುವಂಥದ್ದು. ತಗೋಬಹುದೋ ಬಾರದೋ ಎಂದು ಭಾವಮೈದನನ್ನು ಕೇಳಬೇಕಿತ್ತು. ಕೇಳಿದ್ದು ತಪ್ಪಲ್ಲ, ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಕೇಳಿದ್ದು ತಪ್ಪು. ಆ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಆಡಿದ ಮಾತು ಸಾರ್ವಜನಿಕ ಆಸ್ತಿ.

"ಹಳೇ ಪ್ರೊಸೆಸರಾ? ಖಂಡಿತ ಬೇಡ!" ಎಂಬ ಅಶರೀರವಾಣಿ ಕೆಳಗಿನಿಂದ ಕೇಳಿಸಿತು. ಹಿಂದೆಯೇ ಶರೀರವೂ ಬಂತು. ಅದು ಕೆಳಗಿನ ಮನೆಯ ಮೀಟರ್ ಮಾವನದು. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದಿ ನಿವೃತ್ತರಾದವರು. ಈಗ ಓದಲು ಮೀಟರ್ ಇಲ್ಲದ್ದರಿಂದ ಎಲ್ಲರ ಮನೆಯ ಕಷ್ಟಸುಖ ಓದುತ್ತಿದ್ದರು.

"ಹಳೇ ಯಂತ್ರ ಕರೆಂಟ್ ಕುಡಿಯುತ್ತಪ್ಪಾ. ನನ್ನ ಸರ್ವೀಸಲ್ಲಿ ಎಷ್ಟು ನೋಡಿಲ್ಲ!"

ಅಷ್ಟರಲ್ಲಿ ಭಾವಮೈದನೂ ಬಂದಿಳಿದ. ಅಪ್ಪನ ಅಂಗಡಿಯಲ್ಲಿ ಟೈಲ್ಸ್ ಒರೆಸಬೇಕಾದವನು ಅವನೇ. ಅಲ್ಲಿಂದ ಕಾಲು ಕೀಳಲು ಯಾರ ಮನೆಯ ಕಷ್ಟವಾದರೂ ಸಾಕು, ಓಡಿ ಬರುತ್ತಿದ್ದ. ಕಂಪ್ಯೂಟರಿನ ವಿಡಿಯೋಗಳನ್ನು ನೋಡಿ ನೋಡಿ ಅವನ ಜ್ಞಾನ ಉಕ್ಕಿ ಹರಿಯುತ್ತಿತ್ತು.

"ಕಣ್ಣು ಮುಚ್ಕೊಂಡು ತಗೋ ಭಾವ. ಹೊಸದು ಬೇಕು ಅಂದ್ರೆ ಬೋರ್ಡೂ ಹೊಸದು, ಮೆಮೊರಿನೂ ಹೊಸದು ಹಾಕ್ಬೇಕು. ಮೂಗುತಿ ಚಿಕ್ಕದಾಯ್ತು ಅಂತ ಮೂಗೇ ಬದಲಾಯಿಸಿದ ಹಾಗೆ."

"ನಾಲ್ಕು ಕೋರ್ ಅಂದ್ರೆ ನಾಲ್ಕು ಪಟ್ಟು ಕರೆಂಟು," ಎಂದರು ಮೀಟರ್ ಮಾವ.

"ನಾಲ್ಕು ಜನ ಮಕ್ಕಳಿದ್ರೆ ನಾಲ್ಕು ಜನಾನೂ ದಿನವಿಡೀ ಅಳ್ತಾರಾ ಮಾವ? ಕೆಲಸ ಇದ್ದಾಗ ಮಾತ್ರ ಏಳೋದು."

"ನನ್ನ ಮಕ್ಕಳು ಕೆಲಸ ಇದ್ದಾಗಲೂ ಏಳಲಿಲ್ಲ."

ವಾದ ಮುಗಿಯದೆ ಮೂವರೂ ಅಂಗಡಿಗೆ ಹೊರಟರು. ವಾದ ದಾರಿಯುದ್ದಕ್ಕೂ ಜೊತೆಗೇ ಬಂತು.

ಅಂಗಡಿಯವನು ತಂತಿಗಳ ರಾಶಿಯ ನಡುವೆ ಕೂತಿದ್ದ. ಡಬ್ಬಿಯೊಂದರಿಂದ ಬಿಸ್ಕತ್ತಿನಷ್ಟು ದೊಡ್ಡ ಚೌಕ ತೆಗೆದು ಅಂಗೈ ಮೇಲಿಟ್ಟ. ಒಂದು ಕಡೆ ನುಣ್ಣಗೆ. ಇನ್ನೊಂದು ಕಡೆ ಕೂದಲಿನಂಥ ನೂರಾರು ಚಿನ್ನದ ಬಣ್ಣದ ಮುಳ್ಳುಗಳು.

"ಕಂಪ್ಯೂಟರಿನ ಮಿದುಳು ಸಾರ್ ಇದು. ಮುಂಚೆ ಒಬ್ರು ವಕೀಲರ ಹತ್ರ ಇತ್ತು. ಅವ್ರು ಇದ್ರಲ್ಲಿ ಇಸ್ಪೀಟ್ ಬಿಟ್ಟು ಬೇರೇನೂ ಆಡಿಲ್ಲ."

"ಹಾಗಾದ್ರೆ ಮಿದುಳು ಹೊಸದಾಗೇ ಇದೆ," ಎಂದ ಭಾವಮೈದ.

"ಯೋಚನೆ ಮಾಡಿ ಹೇಳ್ತೀನಿ," ಎಂದ ನಕ್ಷೆಗಾರ. ಯೋಚಿಸಲು ಸಮಯ ಸಿಗಲಿಲ್ಲ. "ಎಲ್ಲಿ, ಎಷ್ಟು ವ್ಯಾಟಿದೆ ನೋಡೋಣ" ಎಂದು ಮೀಟರ್ ಮಾವ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು, ಕನ್ನಡಕ ಸರಿಮಾಡಿಕೊಳ್ಳಲು ಇನ್ನೊಂದು ಕೈ ಎತ್ತಿದರು, ಸೀನಿದರು. ಮಿದುಳು ಮುಳ್ಳು ಕೆಳಗಾಗಿ ನೆಲಕ್ಕೆ ಬಿತ್ತು.

ಅಂಗಡಿಯವನು ಬಗ್ಗಿ ನೋಡಿದ. ಒಂದು ಮೂಲೆಯ ಮುಳ್ಳುಗಳೆಲ್ಲ ಗಾಳಿಗೆ ಸಿಕ್ಕ ಪೈರಿನಂತೆ ಮಲಗಿದ್ದವು.

"ಪ್ಯಾಕ್ ಮಾಡ್ಲಾ ಸಾರ್?" ಎಂದ ಶಾಂತವಾಗಿ.

ತಗೋಬಹುದೋ ಬಾರದೋ ಎಂಬ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ಮಿದುಳನ್ನು ಅವರ ಕೈಯಿಂದ ಕಿತ್ತುಕೊಂಡಳು. ಹುಬ್ಬಿನ ಕೂದಲು ಕೀಳುವ ಚಿಮಟ ತಂದು, ಕಿಟಕಿಯ ಬೆಳಕಿಗೆ ಕೂತು, ಮಲಗಿದ್ದ ಮುಳ್ಳುಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದಳು. ಮೂವರು ಗಂಡಸರು ಸುತ್ತ ನಿಂತು ನೋಡಿದರು. ಮೀಟರ್ ಮಾವ "ಎಡಕ್ಕೆ, ಸ್ವಲ್ಪ ಎಡಕ್ಕೆ" ಎನ್ನಲು ಬಾಯಿ ತೆರೆದು, ಅವಳ ಕಣ್ಣು ನೋಡಿ ಮುಚ್ಚಿಕೊಂಡರು.

ಮಿದುಳೇನೋ ಕೂತಿತು. ಅದರ ತಲೆ ಬಿಸಿಯಾಗದಂತೆ ಫ್ಯಾನಿಗೂ ಅದಕ್ಕೂ ನಡುವೆ ಹಚ್ಚುವ ಪೇಸ್ಟನ್ನು ತರಲು ಎಲ್ಲರೂ ಮರೆತಿದ್ದರು.

"ಟೂತ್‌ಪೇಸ್ಟ್ ನಡೆಯುತ್ತೆ ಭಾವ. ಒಂದು ವಿಡಿಯೋದಲ್ಲಿ ಹಾಕಿದ್ರು."

"ಆಮೇಲೆ ಏನಾಯ್ತು?"

"ವಿಡಿಯೋ ಪೂರ್ತಿ ನೋಡಲಿಲ್ಲ."

ಡಾಕ್ಟರು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಟೂತ್‌ಪೇಸ್ಟೇ ಗತಿಯಾಯಿತು. ಫ್ಯಾನು ಬಿಗಿದು, ಮುಚ್ಚಳ ಹಾಕಿ, ನಕ್ಷೆಗಾರ ಮನೆದೇವರನ್ನು ನೆನೆದು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಮಿಣುಕೂ ಇಲ್ಲ, ಗುಟುರೂ ಇಲ್ಲ. ಅವನ ಕಣ್ಣ ಮುಂದೆ ಟೈಲ್ಸ್ ಸಾಲುಸಾಲಾಗಿ ಹಾದುಹೋದವು. ಬಟ್ಟೆ ಒದ್ದೆ ಮಾಡಿ ಒರೆಸುವುದೋ, ಒಣಬಟ್ಟೆಯಲ್ಲೋ ಎಂದು ಯೋಚಿಸುವ ಮಟ್ಟಕ್ಕೂ ಹೋದ.

ಅದೇ ಹೊತ್ತಿಗೆ ಕಟ್ಟಡದ ತುಂಬ ಗಲಾಟೆ ಎದ್ದಿತು. ಲಿಫ್ಟಿನೊಳಗಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಮೇಲಿನ ಮನೆಯವಳು ತಲೆತುಂಬ ಶಾಂಪೂ ನೊರೆಯೊಂದಿಗೆ ಮೆಟ್ಟಿಲಿಗೆ ಬಂದು, ನೀರು ನಿಲ್ಲಿಸಿದವನ ವಂಶವನ್ನು ವಿಚಾರಿಸುತ್ತಿದ್ದಳು.

"ಓ, ಅದಾ?" ಎಂದರು ಮೀಟರ್ ಮಾವ. "ಯಂತ್ರಕ್ಕೆ ಕೈಹಾಕೋ ಮುಂಚೆ ಮೇನ್ ಸ್ವಿಚ್ ತೆಗೀಬೇಕು. ಸುರಕ್ಷತೆ ಮೊದಲು. ನೀವು ಮುಚ್ಚಳ ಬಿಚ್ತಿದ್ದ ಹಾಗೇ ಕೆಳಗೆ ಹೋಗಿ ತೆಗೆದು ಬಂದೆ."

"ಇಡೀ ಕಟ್ಟಡದ್ದಾ ಮಾವ?"

"ಅರ್ಧಂಬರ್ಧ ಕೆಲಸ ನನಗೆ ಅಭ್ಯಾಸ ಇಲ್ಲಪ್ಪಾ."

ಸ್ವಿಚ್ ಹಾಕಿದ ಮೇಲೆ ಕಂಪ್ಯೂಟರ್ ಗುಯ್ ಎಂದು ಎಚ್ಚರಗೊಂಡಿತು. ನಕ್ಷೆಗಾರ ಡಾಕ್ಟರ ಮನೆ ತೆರೆದು ಮೌಸ್ ಎಳೆದ. ಮನೆ ಬುಗುರಿಯಂತೆ ತಿರುಗಿತು! ಮುಂಭಾಗ, ಹಿಂಭಾಗ, ತಾರಸಿ. ಗೋಡೆಗಳೆಲ್ಲ ಇದ್ದಲ್ಲೇ ಇದ್ದವು. ಕಮೋಡು ಬಚ್ಚಲುಮನೆಯೊಳಗೆ ಮರ್ಯಾದೆಯಿಂದ ಕೂತಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ನಾನು ಹೇಳಲಿಲ್ವಾ?" ಎಂದ ಭಾವಮೈದ, ಕೂಡಲೇ ಅಪ್ಪನಿಗೆ ಫೋನ್ ಮಾಡಿ ಬೀಗಲು ಬಾಲ್ಕನಿಗೆ ಓಡುತ್ತಾ.

"ನಾನೂ ಅದನ್ನೇ ಹೇಳಿದ್ದು, ಹಳೇದು ಗಟ್ಟಿ ಅಂತ," ಎಂದರು ಮೀಟರ್ ಮಾವ.

ಡಾಕ್ಟರು ಬಂದರು. ಜೊತೆಗೆ ಹೆಂಡತಿ, ತಾಯಿ. ಡಾಕ್ಟರು ಕೂತವರೇ ಮೂಗರಳಿಸಿ, "ಇಲ್ಲಿ ಯಾರೋ ಚೆನ್ನಾಗಿ ಹಲ್ಲುಜ್ಜಿದ್ದಾರೆ" ಎಂದು ಮೆಚ್ಚಿಕೊಂಡರು. ಮನೆ ಗಿರ್ರನೆ ತಿರುಗಿದ್ದು ನೋಡಿ ಮೂವರೂ ಬೆರಗಾದರು.

"ಪಕ್ಕದ ಬೀದಿಯವನು ಇಷ್ಟು ಹೊತ್ತಿಗೆ ಗೇಟೂ ದಾಟಿಸಿರಲಿಲ್ಲ ಕಣ್ರೀ. ಆರ್ಡರು ನಿಮಗೇ ಅಂತ ಇಟ್ಕೊಳ್ಳಿ," ಎಂದರು ಡಾಕ್ಟರು. ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ನಕ್ಷೆಗಾರನತ್ತ ನೋಡಿ ಬಹಳ ದಿನಗಳ ಮೇಲೆ ನಕ್ಕಳು. ಅವನಿಗೆ ಆಕಾಶ ಮೂರೇ ಗೇಣಾಯಿತು.

"ಒಳಗೂ ಹೋಗಬಹುದು ಅಮ್ಮ, ಎಲ್ಲಿಗೆ ಬೇಕಾದ್ರೂ," ಎಂದ ಉಬ್ಬಿ.

"ಹಾಗಾದ್ರೆ ನನ್ನ ರೂಮು ತೋರ್ಸಪ್ಪ," ಎಂದರು ಡಾಕ್ಟರ ತಾಯಿ.

ಡಾಕ್ಟರು ಕೆಮ್ಮಿದರು. ಅವರ ಹೆಂಡತಿ ಸೀಲಿಂಗ್ ನೋಡಿದಳು. ನಕ್ಷೆಗಾರನಿಗೆ ಏನೋ ಹೊಳೆಯುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಮೆಟ್ಟಿಲ ಕೆಳಗಿನ, ಕಾರ್ ಶೆಡ್ಡಿಗೆ ತಾಗಿದ ಕೋಣೆಯೊಳಗೆ ನಿಂತಿದ್ದರು.

"ಇದಾ? ಕಿಟಕಿ ಎಲ್ಲಿ?"

"ಇದೆ ಅಮ್ಮ, ಇದೆ," ಎಂದ ನಕ್ಷೆಗಾರ. ಪರದೆ ನುಣ್ಣಗೆ ತಿರುಗಿ ಕಿಟಕಿ ತೋರಿಸಿತು. ಕಿಟಕಿಯಾಚೆ ನೀರಿನ ಪಂಪು ತೋರಿಸಿತು.

"ಮಹಡಿ ಮೇಲಿನ ರೂಮು ಯಾರದು?"

ಜೀವಮಾನದಲ್ಲೇ ಮೊದಲ ಸಲ ನಕ್ಷೆಗಾರ ಕಂಪ್ಯೂಟರ್ ನಿಂತುಹೋಗಲಿ ಎಂದು ಬೇಡಿಕೊಂಡ. ಬೇಕೆಂದೇ ಅಡ್ಡಾದಿಡ್ಡಿ ಗುಂಡಿಗಳನ್ನು ಒತ್ತಿದ. ವಕೀಲರ ಮನೆಯಲ್ಲಿ ಸುಮ್ಮನೆ ಕೂತು ಬೇಸತ್ತಿದ್ದ ಆ ನಾಲ್ಕು ಕೋರುಗಳು ಒಟ್ಟಿಗೆ ಎದ್ದು ದುಡಿದವು. ಮೆಟ್ಟಿಲು ಹತ್ತಿದ್ದೇ ತಿಳಿಯಲಿಲ್ಲ. ವಿಶಾಲವಾದ ಕೋಣೆ, ಎರಡು ಕಡೆ ಬಾಲ್ಕನಿ, ಓಡಾಡುವಷ್ಟು ದೊಡ್ಡ ಬಚ್ಚಲುಮನೆ.

"ಅದು ನಮ್ಮಮ್ಮ ಬಂದಾಗ ಇರೋಕೆ ಅತ್ತೆ," ಎಂದಳು ಸೊಸೆ ಮೆಲ್ಲಗೆ.

"ಬರೋದು ಸರಿ. ಹೋಗೋದು ಯಾವಾಗ ಅಂತ ಇಂಜಿನಿಯರ್ ಹತ್ರ ಬರೆಸಿದ್ದೀಯಾ?"

"ಅಮ್ಮಾ, ಇದು ಬರೀ ಡ್ರಾಯಿಂಗು..." ಎಂದರು ಡಾಕ್ಟರು.

"ನೀನು ಬಾಯಿ ಮುಚ್ಚು," ಎಂದರು ತಾಯಿ. ದಿನವಿಡೀ ಊರವರಿಗೆಲ್ಲ ಬಾಯಿ ತೆಗೆಯಿರಿ ಎನ್ನುವ ಡಾಕ್ಟರು ಬಾಯಿ ಮುಚ್ಚಿದರು. "ಸೈಟು ನನ್ನ ಹೆಸರಲ್ಲಿದೆ. ಪಂಪಿನ ಪಕ್ಕ ಮಲಗೋಕೆ ನನಗಿಷ್ಟ ಇಲ್ಲ. ಮನೆ ಕಟ್ಟೋದೂ ಬೇಡ, ಏನೂ ಬೇಡ. ನಡೀರಿ!"

ಎದ್ದು ಹೊರಡುವಾಗ ಆಕೆ ನಕ್ಷೆಗಾರನ ಭುಜ ತಟ್ಟಿ, "ದೇವರು ನಿನ್ನ ಚೆನ್ನಾಗಿಟ್ಟಿರಲಪ್ಪ. ಎಲ್ಲಾ ಎಷ್ಟು ಬೇಗ ತೋರಿಸಿಬಿಟ್ಟೆ!" ಎಂದರು. ಡಾಕ್ಟರು ನೋಡಿದ ನೋಟಕ್ಕೆ ಮಾತ್ರ ನಕ್ಷೆಗಾರನ ದವಡೆಹಲ್ಲು ಜುಮ್ಮೆಂದಿತು.

"ಬೆಳಿಗ್ಗೆನೇ ಹೇಳಿದ್ದೆ, ಹಳೇದು ಬೇಡ ಅಂತ," ಎಂದು ಮೀಟರ್ ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಹೆಂಡತಿ ಫೋನ್ ತಂದು ಅವನ ಕೈಗಿತ್ತಳು. ಟೈಲ್ಸ್ ಅಂಗಡಿಯ ಮಾವ ಫೋನ್ ಮಾಡಿದ್ದ. ನಕ್ಷೆಗಾರ ಕಣ್ಣು ಮುಚ್ಚಿ, ಮಾನ ಮರ್ಯಾದೆ ನುಂಗಿಕೊಂಡು ಬಾಯಿ ತೆರೆದ.

"ಮಾವ, ನೀವು ಕೇಳ್ತಿದ್ರಲ್ಲ, ಟೈಲ್ಸ್ ತೋರಿಸೋಕೆ... ನಾನು ನಾಳೆಯಿಂದ..."

"ಅದಕ್ಕೇ ಫೋನ್ ಮಾಡಿದ್ದು ಕಣಪ್ಪಾ ಇಂಜಿನಿಯರ್!" ಎಂದು ಮಾವ ನಕ್ಕ. "ನನ್ನ ಮಗ ಎಲ್ಲಾ ಹೇಳಿದ. ನಿನ್ನ ಕಂಪ್ಯೂಟರು ಮನೇನ ಬುಗುರಿ ಥರ ತಿರುಗಿಸುತ್ತಂತೆ! ಅದನ್ನೇ ಅಂಗಡಿಗೆ ಕಳಿಸು. ಗಿರಾಕಿಗಳಿಗೆ ಅದೇ ಟೈಲ್ಸ್ ತೋರಿಸುತ್ತೆ."

"ಆಗಲಿ ಮಾವ. ನಾನು ಎಷ್ಟು ಹೊತ್ತಿಗೆ ಬರ್ಲಿ?"

"ನೀನ್ಯಾಕಪ್ಪಾ?" ಎಂದ ಮಾವ, ನಿಜವಾಗಿಯೂ ಅರ್ಥವಾಗದೆ. "ತೋರಿಸೋಕೆ ಒಬ್ರು ಬೇಕಾಗಿತ್ತು, ಈಗ ಬೇಡ. ನಡೆಸೋಕೆ ನನ್ನ ಮಗ ಇದ್ದಾನಲ್ಲ, ಇಡೀ ದಿನ ಅದರ ಹೊಟ್ಟೆಯೊಳಗೆ ಕೈಯಿಟ್ಟು ಕಲಿತಿದ್ದಾನಂತೆ. ಇನ್ಮೇಲೆ ಅವನು ಅದರ ಮುಂದಿಂದ ಏಳೋ ಹಾಗಿಲ್ಲ ಅಂತ ಹೇಳು."

ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ ಭಾವಮೈದನ ಮುಖ ಸಪ್ಪೆಯಾಯಿತು. ನಕ್ಷೆಗಾರ ಫೋನ್ ಕೆಳಗಿಟ್ಟು ಕಂಪ್ಯೂಟರಿನ ತಂತಿಗಳನ್ನು ಬಿಚ್ಚತೊಡಗಿದ. ಹೆಂಡತಿ ಅದನ್ನು ಸುತ್ತಿ ಕಟ್ಟಲು ಒಂದು ಹಳೇ ಚಾದರ ತಂದುಕೊಟ್ಟಳು.