ಹೊಸತೊಡಕಿನೊಳಗೆ ನಡೆಯಬೇಕಿದ್ದ ಹೆಬ್ಬಾತು

ಹಸು, ಎಮ್ಮೆ ನೋಡಿಕೊಂಡು ಹಾಯಾಗಿರಬಹುದು ಎಂದು ಪಶುವೈದ್ಯನಾದವನು ನಾನು. ಶಿಡ್ಲಘಟ್ಟದ ಕಡೆ ಕೆಲಸಕ್ಕೆ ಬಂದ ಮೇಲೆ ನೆಮ್ಮದಿಗೂ ನನಗೂ ಅಷ್ಟಕ್ಕಷ್ಟೆ. ವಾರಕ್ಕೊಂದಾದರೂ ಇಂಥದ್ದು ಗಂಟುಬೀಳುತ್ತದೆ.

ಗಡುವು

ಮೇಲೂರಿನ ಹೆಂಗಸೊಬ್ಬರು ತಾವು ಸಾಕಿದ ಹೆಬ್ಬಾತನ್ನು ಹಳೇ ಸೀರೆಯಲ್ಲಿ ಸುತ್ತಿ, ಕತ್ತು ಮಾತ್ರ ಹೊರಗೆ ಬಿಟ್ಟು, ಬಸ್ಸಿನಲ್ಲಿ ತಂದಿದ್ದರು. ಬೈಕ್ ತಗುಲಿ ಬಲಗಾಲಿನ ಮೂಳೆ ಬಿರುಕು ಬಿಟ್ಟಿತ್ತು. ಬಿದಿರಿನ ಸೀಳು ಇಟ್ಟು ಪಟ್ಟಿ ಕಟ್ಟಿದೆ. ಯುಗಾದಿ ಹೊತ್ತಿಗೆ ನಡೆಯುತ್ತದಾ ಎಂದು ಕೇಳಿದರು. ಅದಕ್ಕೇನು ಅಷ್ಟು ಅವಸರ ಎಂದೆ.

"ಯುಗಾದಿ ಮಾರನೇ ದಿನ ಹೊಸತೊಡಕಿನ ಬಾಡೂಟ ಅಲ್ವಾ ಸಾರ್. ಅಷ್ಟರಲ್ಲಿ ನಡೆದ್ರೆ ಇರ್ಲಿ, ಇಲ್ದಿದ್ರೆ ಸಾರಿಗೆ ಹಾಕೋಣ ಅಂತವ್ರೆ ನಮ್ಮನೆಯವ್ರು."

ನಾನು ಪಟ್ಟಿಗೆ ಇನ್ನೊಂದು ಸುತ್ತು ಹಾಕಿದೆ.

ಬೆಚ್ಚಗಿನ ಜಾಗ

ಗಾಳಿ, ಗಲಾಟೆ ಇಲ್ಲದ ಬೆಚ್ಚಗಿನ ಜಾಗದಲ್ಲಿ ಇಡಿ ಎಂದು ಹೇಳಿ ಕಳಿಸಿದ್ದೆ. ರೇಷ್ಮೆ ಬೆಳೆಯುವವರ ಮನೆಯಲ್ಲಿ ಅಂಥ ಜಾಗ ಒಂದೇ, ಹುಳು ಸಾಕುವ ಮನೆ ಎಂಬುದು ನನಗೆ ಹೊಳೆಯಲಿಲ್ಲ. ಆಕೆಯ ಗಂಡ ಫೋನ್ ಮಾಡಿದರು. ಹೆಬ್ಬಾತು ಹುಳು ಮುಟ್ಟಿಲ್ಲ, ಹುಳುವಿಗೆ ಹಾಕಿದ ಹಿಪ್ಪುನೇರಳೆ ಸೊಪ್ಪನ್ನು ಮಾತ್ರ ಕೂತಲ್ಲೇ ಮುಗಿಸಿದೆ, ಹುಳುಗಳು ಬರೀ ಕಡ್ಡಿಯ ಮೇಲೆ ತಲೆ ಎತ್ತಿಕೊಂಡಿವೆ ಎಂದರು. ಅಲ್ಲಿ ಇಡಲು ಹೇಳಿದ್ದು ನೀವೇ ಅಂತೆ ಎಂದೂ ಸೇರಿಸಿದರು.

ಹೋಗಿ ನೋಡಿದರೆ ಪಟ್ಟಿ ನೆನೆದು ಜೋತುಬಿದ್ದಿತ್ತು. ನೆನೆಸಬೇಡಿ ಎಂದಿದ್ದೆನಲ್ಲ ಎಂದು ರೇಗಿದೆ. ಹುಳುಗಳಿಗೆ ರೋಗ ತಗುಲಬಾರದೆಂದು ಆ ಬಾಗಿಲಲ್ಲಿ ಎಲ್ಲರೂ ಬ್ಲೀಚಿಂಗ್ ಪೌಡರ್ ನೀರಿಗೆ ಕಾಲು ಅದ್ದಿಯೇ ಒಳಗೆ ಹೋಗಬೇಕಂತೆ.

"ನಮ್ ಅತ್ತೇನೂ ಕಾಲು ಅದ್ಕೊಂಡೇ ಹೋಗೋದು ಸಾರ್. ಇದಕ್ಕೊಂದು ಬೇರೆ ನ್ಯಾಯಾನಾ?" ಎಂದರು ಆಕೆ.

ಹೊಸತೊಡಕು

ಯುಗಾದಿಗೆ ಮುಂಚೆ ಪಟ್ಟಿ ಬಿಚ್ಚಿದೆ. ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಹೆಬ್ಬಾತು ಮೇಲೇಳಲಿಲ್ಲ. ಕೂತಲ್ಲಿಗೇ ಸೊಪ್ಪು, ನೀರು ಬರುವಾಗ ಯಾರು ತಾನೇ ಎದ್ದಾರು. ಆಕೆಯ ಮುಖ ನೋಡಿ ನನಗೇ ಸಂಕಟವಾಯಿತು. ಹೊಸತೊಡಕಿನ ಬೆಳಿಗ್ಗೆ ತಡೆಯಲಾರದೆ ಮೇಲೂರಿಗೆ ಹೋದೆ.

ಮಸಾಲೆ ರುಬ್ಬಿಟ್ಟಾಗಿತ್ತು. ಗಂಡ ಅಂಗಳದಲ್ಲಿ ಚಾಕು ಮಸೆಯುತ್ತಿದ್ದರು. ಹೆಂಡತಿ ಹೆಬ್ಬಾತಿನ ಮುಂದೆ ಕೂತು, "ಏಳಮ್ಮ, ಒಂದೇ ಒಂದು ಹೆಜ್ಜೆ ಇಡಮ್ಮ," ಎಂದು ಬೇಡಿಕೊಳ್ಳುತ್ತಿದ್ದರು. ಅದು ಕಣ್ಣು ಮುಚ್ಚಿಕೊಂಡಿತ್ತು.

ನಾನು ಗೇಟು ತೆಗೆದೆ. ಹೋದಾಗಲೆಲ್ಲ ಇಂಜೆಕ್ಷನ್ ಚುಚ್ಚಿದವನು ನಾನು; ಅದಕ್ಕೆ ನನ್ನ ಗುರುತು ಚೆನ್ನಾಗಿತ್ತು. ಕಣ್ಣು ಬಿಟ್ಟಿತು, ಕತ್ತು ಚಾಚಿತು, ಎದ್ದೇಬಿಟ್ಟಿತು. ನಾನು ತಿರುಗಿ ಓಡಿದೆ. ಹಾಲಿನ ಡೇರಿಯವರೆಗೂ ಅಟ್ಟಿಸಿಕೊಂಡು ಬಂದು, ಡಬ್ಬಿ ಹಿಡಿದು ನಿಂತವರೆಲ್ಲರ ಎದುರಿಗೆ, ನನ್ನ ಹಿಂಭಾಗಕ್ಕೆ ಬಾಯಿ ಹಾಕಿ ಜಗ್ಗಿತು. ಹಿಂದೆಯೇ ಬಂದ ಗಂಡ ಬಗ್ಗಿ ಅದರ ಕಾಲನ್ನೇ ನೋಡುತ್ತಿದ್ದರು.

"ಬಲಗಾಲು ಸರಿಯಾಗೇ ಊರ್ತಾ ಐತೆ ಬಿಡಿ ಸಾರ್," ಎಂದರು.

ಚಾಕು ಒಳಗೆ ಹೋಯಿತು, ಅಂಗಡಿಯಿಂದ ಮಟನ್ ಬಂತು. ಆಕೆ ನನಗೂ ಎಲೆ ಹಾಕಿ, ಕಣ್ಣೊರೆಸಿಕೊಂಡು, ಕೂತ್ಕೊಳ್ಳಿ ಸಾರ್ ಎಂದು ಬಹಳ ಒತ್ತಾಯ ಮಾಡಿದರು. ನಾನು ನಿಂತುಕೊಂಡೇ ಉಂಡೆ.