ಹಿಂಜರಿತದ ಕಾಲದಲ್ಲಿ ನನ್ನ ಕತ್ತರಿ ಪ್ರಯೋಗ

ಗಂಡ ವಾರವಿಡೀ ಮನೆಯಲ್ಲಿದ್ದರೆ ಎಷ್ಟು ಚೆನ್ನ ಎಂದು ಮದುವೆಯಾದ ಹೊಸದರಲ್ಲಿ ನಾನೇ ಹಂಬಲಿಸಿದ್ದುಂಟು. ಆ ಹಂಬಲ ಐದು ವರ್ಷ ತಡವಾಗಿ, ಅದೂ ಅರ್ಧ ಸಂಬಳದ ಜೊತೆ ಈಡೇರಿತು. ಆರ್ಥಿಕ ಹಿಂಜರಿತವಂತೆ, ಇವರ ಆಫೀಸಿನವರು ವಾರಕ್ಕೆ ಮೂರೇ ದಿನ ಬಂದರೆ ಸಾಕು ಎಂದರು. ಉಳಿದ ದಿನಗಳಲ್ಲಿ ಇವರು ಸೋಫಾದ ಮೇಲೆ ಪವಡಿಸಿ, ಮನೆಯ ಖರ್ಚಿನಲ್ಲಿ ಯಾವುದನ್ನು ಕತ್ತರಿಸಬಹುದೆಂದು ಗಹನವಾದ ಸಂಶೋಧನೆ ನಡೆಸಿದರು. ಎರಡನೆಯ ವಾರ ಅದರ ಫಲ ಹೊರಬಿತ್ತು.

"ಗುಂಡನ ನರ್ಸರಿ ಬಿಡಿಸಿಬಿಡೋಣ ಕಣೇ. ನಾಲ್ಕು ವರ್ಷದ ಮಗು, ಮನೇಲೇ ಆಡ್ಕೊಂಡಿರ್ತಾನೆ."

ಆ ನರ್ಸರಿಯ ಗೇಟಿನ ಮುಂದೆ ನನ್ನ ಮಗ ಆರು ವಾರ ಅತ್ತಿದ್ದಾನೆ. ಗೇಟಿನ ಸರಳು ಹಿಡಿದನೆಂದರೆ ವಾಚ್‌ಮನ್ನೂ ನಾನೂ ಸೇರಿ ಒಂದೊಂದೇ ಬೆರಳು ಬಿಡಿಸಬೇಕಿತ್ತು. ಏಳನೆಯ ವಾರ ಅವನಾಗಿಯೇ ಒಳಗೆ ಹೋಗಿ, ಎರಡು ಜಡೆಯ ಹುಡುಗಿಯೊಬ್ಬಳ ಪಕ್ಕ ಮರಳಿನಲ್ಲಿ ಕೂತ. ಈಗ ಬಿಡಿಸಿ ಮುಂದಿನ ವರ್ಷ ಮತ್ತೆ ಸೇರಿಸಿದರೆ, ಇನ್ನೊಂದು ಆರು ವಾರ ಅಳುವ ಶಕ್ತಿ ಅವನಿಗಿದ್ದೀತು. ನನಗಂತೂ ಇರಲಿಲ್ಲ.

"ಮುಂದಿನ ಕಂತಿನ ಫೀಸು ನಾನು ಕಟ್ತೀನಿ," ಎಂದೆ.

"ಎಲ್ಲಿಂದ ತಂದು?"

"ದುಡಿದು!"

ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು. "ಲಿಫ್ಟ್ ಹತ್ತೋಕೆ ನಾಲ್ಕು ಸಲ ಯೋಚನೆ ಮಾಡೋಳು, ವ್ಯಾಪಾರಕ್ಕೆ ಇಳೀತೀಯೇನಮ್ಮಾ?"

ಇಳಿದೇ ಬಿಟ್ಟೆ. ಹಿಂಜರಿತದಲ್ಲೂ ನಷ್ಟವಾಗದ ವ್ಯಾಪಾರಗಳ ಒಂದು ಪಟ್ಟಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಅಧ್ಯಯನ ಮಾಡಿದೆ. ಮಿಕ್ಸಿ ರಿಪೇರಿ? ಕರೆಂಟು ಹೊಡೆದರೆ! ಹಳೆಯ ಪೀಠೋಪಕರಣ? ತಿಗಣೆ ಬಂದರೆ! ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು? ಯಾವುದಾದರೂ ಮಗು ಗುಂಡಿ ನುಂಗಿಬಿಟ್ಟರೆ!

"ಶವಪೆಟ್ಟಿಗೆ ವ್ಯಾಪಾರವೂ ಇದೆ ನೋಡು," ಎಂದರು ಇವರು ಸೋಫಾದಿಂದ. "ಅದರಲ್ಲಿ ಗಿರಾಕಿಗೆ ಇನ್ನೇನೂ ಆಗೋ ಭಯ ಇಲ್ಲ."

"ಥೂ, ಮೊದಲು ಬಾಯಿ ತೊಳ್ಕೊಳ್ರೀ!"

ಕೊನೆಗೆ ಪಟ್ಟಿಯ ತಳದಲ್ಲಿ ನನ್ನ ಭಾಗ್ಯದ ಬಾಗಿಲು ಕಂಡಿತು: ಹಣ ಕೊಟ್ಟು ಮಾಡಿಸಿಕೊಳ್ಳುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಲು ಕಲಿಸುವ ತರಗತಿ. ಹಿಂದೊಮ್ಮೆ ಗುಂಡ ಗಾಢ ನಿದ್ದೆಯಲ್ಲಿದ್ದಾಗ ನಾನು ಅವನ ಕೂದಲು ಕತ್ತರಿಸಿದ್ದೆ. "ಯಾವ ಅಂಗಡೀಲಿ ಮಾಡಿಸಿದ್ರಿ?" ಎಂದು ಮೇಲಿನ ಮನೆಯ ನರ್ಸ್ ಕೇಳಿದ್ದರು. (ಅದು ಮೆಚ್ಚುಗೆಯಲ್ಲ, ಆ ಅಂಗಡಿಯನ್ನು ತಪ್ಪಿಸಲು ಕೇಳಿದ್ದೆಂದು ಆಮೇಲೆ ತಿಳಿಯಿತು.) ಅಷ್ಟು ಅರ್ಹತೆ ಸಾಲದೇ? "ಮಕ್ಕಳ ಕಟಿಂಗ್ ಮನೆಯಲ್ಲೇ ಕಲಿಯಿರಿ, ಭಾನುವಾರದ ಶಿಬಿರ" ಎಂದು ಬರೆದು ಮೆಟ್ಟಿಲ ಬಳಿ ಅಂಟಿಸಿದೆ. ದುಡ್ಡು ಉಳಿಸುವ ಆಸೆ ಯಾರಿಗಿಲ್ಲ? ಆರು ಜನ ತಾಯಂದಿರು ನಾಲ್ಕು ಭಾನುವಾರಗಳಿಗೆ ಮುಂಗಡ ಕೊಟ್ಟು, ಮಕ್ಕಳ ಕೈ ಹಿಡಿದುಕೊಂಡು ಬಂದರು.

ಸುರಕ್ಷತೆಗೆ ಮೊದಲ ಸ್ಥಾನ ಎಂಬುದು ನನ್ನ ಶಿಬಿರದ ಧ್ಯೇಯವಾಕ್ಯ. ಮೊನೆಯಿರುವ ಕತ್ತರಿ ನಮ್ಮ ನಡುಮನೆಯೊಳಗೆ ನಿಷಿದ್ಧ. ಎಲ್ಲರಿಗೂ ಚಿಕ್ಕ ಮಕ್ಕಳು ಬಣ್ಣದ ಕಾಗದ ಕತ್ತರಿಸುವ ಪ್ಲಾಸ್ಟಿಕ್ ಕತ್ತರಿ ಕೊಟ್ಟೆ. ಅದು ಕೂದಲನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ನಾನು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಓಡಾಡುತ್ತ, ಮಕ್ಕಳ ಕಿವಿಗೆ ಅಂಗೈ ಅಡ್ಡ ಹಿಡಿದು, "ಅಯ್ಯೋ ಕಿವಿ! ನಿಧಾನ ರೀ! ಕಣ್ಣು ಕಣ್ಣು!" ಎಂದು ಪಾಠ ಹೇಳಿದೆ. ಆಶ್ಚರ್ಯವೆಂದರೆ ಆರೂ ಮಕ್ಕಳು ಗೊಂಬೆಗಳಂತೆ ಅಲ್ಲಾಡದೆ ಕೂತಿದ್ದವು. ನನ್ನ ಬೋಧನಾ ಸಾಮರ್ಥ್ಯಕ್ಕೆ ನಾನೇ ಮರುಳಾದೆ. ತಲೆಗಳು ಮಾತ್ರ ಇಲಿ ತಿಂದ ಬ್ರಷ್ಷಿನಂತಾಗಿದ್ದವು. ತಾಯಂದಿರು "ತುಂಬಾ ಉಪಯೋಗ ಆಯ್ತು" ಎಂದು ಹೇಳಿ, ಮಕ್ಕಳಿಗೆ ಟೋಪಿ ತೊಡಿಸಿಕೊಂಡು ಹೊರಟರು.

ಸಂಜೆ ಬಾಲ್ಕನಿಗೆ ಬಂದವಳು ಬೆಚ್ಚಿದೆ. ನಮ್ಮ ಕಟ್ಟಡದ ಎದುರಿನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಆರು ಟೋಪಿಗಳು ಸಾಲಾಗಿ ಕೂತಿದ್ದವು! ಮುಂದಿನ ಭಾನುವಾರದ ಶಿಬಿರದ ನಂತರವೂ ಅದೇ ಟೋಪಿಗಳ ಸಾಲು. ಸೋಮವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಶಾಪಿನ ಅಣ್ಣ. ಜೇಬಿನಲ್ಲಿ ಕತ್ತರಿ, ಬಾಚಣಿಗೆ. ನಾನು ಅತ್ತೆಯ ಹಿಂದೆ ನಿಂತುಕೊಂಡೆ.

"ಅಣ್ಣಾ, ನಿಮ್ಮ ಹೊಟ್ಟೆ ಮೇಲೆ ಹೊಡೀಬೇಕು ಅಂತ ಮಾಡಿದ್ದಲ್ಲ..."

"ಯಾರಕ್ಕಾ ಹೊಡೆದಿದ್ದು? ಎರಡು ತಿಂಗಳಿಂದ ಕೂತು ನೊಣ ಹೊಡೀತಿದ್ದೆ ನಾನು. ಈಗ ಟೀ ಕುಡಿಯೋಕೂ ಪುರುಸೊತ್ತಿಲ್ಲ! ಕಾಲ ಕೆಟ್ರೆ ಜನ ಎಲ್ಲಾನೂ ಮನೇಲೇ ಮಾಡ್ಕೊಳ್ತಾರೆ. ಆಮೇಲೆ ಮಾಡ್ಕೊಂಡಿದ್ದನ್ನ ಸರಿ ಮಾಡಿಸ್ಕೊಳ್ಳೋಕೆ ನಮ್ಮ ಹತ್ರಾನೇ ಬರ್ಬೇಕು. ಕ್ಲಾಸು ಮಾತ್ರ ನಿಲ್ಲಿಸಬೇಡಿ ಅಂತ ಕೇಳ್ಕೊಳ್ಳೋಕೆ ಬಂದೆ."

ಸೋಫಾ ಕುಲುಗತೊಡಗಿತು. ಅದರ ಮೇಲಿದ್ದವರು ನಗುತ್ತಿದ್ದರು. ನನಗೆ ಅಳು ಉಕ್ಕಿ ಬಂತು. "ನಿಲ್ಲಿಸಿದ ಹಾಗೇನೇ. ಆರು ಜನರ ದುಡ್ಡೂ ವಾಪಸ್ ಕೊಡ್ತೀನಿ. ಗುಂಡನ್ನ ನಾಳೇನೇ ಸ್ಕೂಲ್ ಬಿಡಿಸಿ."

ಇವರ ನಗು ನಿಂತಿತು. ಅಣ್ಣ ತಲೆ ಕೆರೆದುಕೊಂಡ.

"ಇನ್ನೊಂದ್ ವಿಷಯ ಅಕ್ಕಾ. ಆ ಮಕ್ಕಳಿವೆಯಲ್ಲ, ನನ್ನ ಕುರ್ಚೀಲಿ ಒಂದಿನಾನೂ ನೆಟ್ಟಗೆ ಕೂತಿದ್ದಿಲ್ಲ. ಒದೀತವೆ, ಕಚ್ತವೆ. ಅಕ್ಕನ ಮನೇಲಿ ಅಷ್ಟು ಹೊತ್ತು ಹೆಂಗ್ರೋ ಕೂತಿದ್ರಿ ಅಂತ ಕೇಳ್ದೆ."

ನಾನು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದೆ. "ಅದು ಕಲಿಸೋ ಕ್ರಮ ಅಣ್ಣಾ, ಮಗುವಿನ ಮನಸ್ಸು ಅರ್ಥ ಮಾಡ್ಕೊಂಡು..."

"'ಆಂಟಿ ತುಂಬಾ ಹೆದರ್ಕೊಂಡಿದ್ರು, ಪಾಪ. ನಾವು ಅಲ್ಲಾಡಿದ್ರೆ ಅತ್ತೇಬಿಡ್ತಿದ್ರು. ಅದಕ್ಕೇ ಸುಮ್ನೆ ಕೂತಿದ್ವಿ' ಅಂದ್ವು."

ಅತ್ತೆ ಮಡಿಸಿದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಅದಕ್ಕೇ ಹೇಳ್ತಾ ಇದೀನಿ. ದಿನಾ ಸಂಜೆ ಎರಡು ಗಂಟೆ ಹೊತ್ತು, ಭಾನುವಾರ ಪೂರ್ತಿ ನಮ್ಮ ಶಾಪಿಗೆ ಬನ್ನಿ. ಮಕ್ಕಳ ಕಟಿಂಗಲ್ಲಿ ಬಂದಿದ್ದರಲ್ಲಿ ಅರ್ಧ ನಿಮ್ದು."

"ಬಂದು ಏನು ಮಾಡ್ಬೇಕು?"

"ಏನೂ ಮಾಡ್ಬೇಡಿ. ಕುರ್ಚಿ ಪಕ್ಕ ನಿಂತ್ಕೊಂಡು ಹೆದರ್ಕೊಳ್ಳಿ, ಸಾಕು. ಕತ್ತರಿ ಮಾತ್ರ ಮುಟ್ಟಕೂಡದು."

"ಅಣ್ಣಾ," ಎಂದರು ಇವರು ಎದ್ದು ಕೂತು, "ಇಷ್ಟು ವರ್ಷ ಈ ಕೆಲಸಾನ ಮನೇಲಿ ಪುಕ್ಕಟೆ ಮಾಡ್ತಿದ್ಲಲ್ಲ!"

ಅವಮಾನ ನುಂಗಿಕೊಂಡು ಒಪ್ಪಿದೆ. ಅಣ್ಣ ನನಗೊಂದು ನೀಲಿ ಏಪ್ರನ್ ಕೊಟ್ಟ. ಅದರ ಕತ್ತರಿ ಇಡುವ ಜೇಬನ್ನು ಹೊಲಿದು ಮುಚ್ಚಿಸಿದ್ದ. ಆದರೂ ಹೇಳುತ್ತೇನೆ, ಬಾಗಿಲ ಮೇಲೆ "ಮಕ್ಕಳಿಗೆ ವಿಶೇಷ ವ್ಯವಸ್ಥೆ" ಎಂಬ ಬೋರ್ಡು ಏರಿದ ಮೇಲೆ ಪಕ್ಕದ ಬೀದಿಗಳಿಂದಲೂ ತಾಯಂದಿರು ಬರತೊಡಗಿದರು. ನಾನು ಮನಸಾರೆ ಹೆದರಿದೆ. ತಿಂಗಳ ಕೊನೆಗೆ ಗುಂಡನ ಫೀಸು ನನ್ನ ಕೈಯಿಂದಲೇ ಕಟ್ಟಿದೆ. ಅವನಿಗೆ ಇದಾವುದೂ ಗೊತ್ತಿಲ್ಲ. ಎರಡು ಜಡೆಯವಳಿಗೆ ತೋರಿಸಲು ಜೇಬಿನ ತುಂಬ ಕಲ್ಲು ತುಂಬಿಕೊಂಡು ಹೋದ.

ತೊಂದರೆ ಶುರುವಾದದ್ದೇ ಅಲ್ಲಿ. ಫೀಸು ಕಟ್ಟಿದ ಮರುದಿನ ಶಾಪಿಗೆ ಹೋದರೆ ಎದೆ ಹಗುರ, ಮುಖದ ತುಂಬ ನಗು. ಕುರ್ಚಿಯಲ್ಲಿ ಕಚ್ಚುವುದರಲ್ಲಿ ಹೆಸರು ಮಾಡಿದ ಮೂರು ವರ್ಷದ ಪುಟ್ಟಿ. ಅವಳು ನನ್ನ ನಗುಮುಖ ನೋಡಿದಳು. ಧೈರ್ಯ ಬಂದು ಕನ್ನಡಿಗೆ ಒದ್ದಳು.

"ಅಕ್ಕಾ, ಡ್ಯೂಟಿ!" ಎಂದು ಅಣ್ಣ ಪಿಸುಗುಟ್ಟಿದ.

ಹೆದರಲು ಒದ್ದಾಡಿದೆ. ಕಿವಿ ಎಂದುಕೊಂಡೆ, ಕಣ್ಣು ಎಂದುಕೊಂಡೆ, ಏನೂ ಆಗಲಿಲ್ಲ. ಪುಟ್ಟಿ ಇನ್ನೊಮ್ಮೆ ಒದ್ದಳು. ಅಯ್ಯೋ ದೇವರೇ, ಹೆದರಿಕೆಯೇ ಹೋಗಿಬಿಟ್ಟರೆ ನನ್ನ ಕೆಲಸದ ಗತಿ? ಮುಂದಿನ ಕಂತಿನ ಗತಿ? ಅಂದುಕೊಂಡದ್ದೇ ತಡ, ಕೈಕಾಲು ತಣ್ಣಗಾಗಿ ಗಡಗಡ ನಡುಗತೊಡಗಿದೆ.

ಪುಟ್ಟಿ ಕಾಲು ಕೆಳಗಿಳಿಸಿದಳು. ಬಿಳಿ ಬಟ್ಟೆಯ ಅಡಿಯಿಂದ ಪುಟ್ಟ ಕೈ ಹೊರಗೆ ಚಾಚಿ ನನ್ನ ಬೆರಳು ಹಿಡಿದುಕೊಂಡಳು.

"ಹೆದರ್ಬೇಡಿ ಆಂಟಿ, ನಾನಿದ್ದೀನಲ್ಲ."