ಹದಿನೈದು ದಿನದ ರೆಕಾರ್ಡಿಂಗು

ಐಗಳಿಯ ಈಶ್ವರ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದು ಅಂಗಳದಲ್ಲಿಟ್ಟ ಒಣದ್ರಾಕ್ಷಿ ಕಾಯಲೆಂದು. ಅವೇ ಕ್ಯಾಮೆರಾ ಒಂದು ದಿನ ತನ್ನನ್ನೇ ಕಾಯಿಸಿ, ಬೇಯಿಸಿ, ಮೇಲೊಂದು ಒಗ್ಗರಣೆಯನ್ನೂ ಹಾಕುತ್ತವೆಂದು ಅವನಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಕಾಗವಾಡದ ಭಾವುಸಾಹೇಬರ ಫೋನು ಬಂತು. ಹೋದ ಬುಧವಾರವಷ್ಟೇ ಈಶ್ವರ ತನ್ನ ತಾಯಿ ಕಸ್ತೂರೆವ್ವನೊಡನೆ ಹೋಗಿ ಅವರ ಮಗಳು ನೀಲಮಳನ್ನು ನೋಡಿ ಬಂದಿದ್ದ. ಮೂವತ್ತಮೂರರ ಈಶ್ವರನಿಗೆ ಅದು ಹತ್ತೊಂಬತ್ತನೆಯ ಕನ್ಯೆ. ಹಿಂದಿನ ಹದಿನೆಂಟು ಮನೆಯವರೂ ಚಹಾ ಕುಡಿಸಿ, ನಾಲ್ಕು ಎಕರೆ ದ್ರಾಕ್ಷಿ ತೋಟವನ್ನು ಹೊಗಳಿ, 'ಹುಡುಗಗ ನೌಕರಿ ಇದ್ರ ಭಾಳ ಛಲೋ ಆಗ್ತಿತ್ತು' ಎಂದು ಕೈತೊಳೆದುಕೊಂಡಿದ್ದರು. ನೀಲಮ ಮಾತ್ರ ಟ್ರೇ ಇಳಿಸುವಾಗ ಅವನನ್ನು ನೋಡಿ ನಕ್ಕಿದ್ದಳು. ಅಂದಿನಿಂದ ಈಶ್ವರ ತೋಟಕ್ಕೆ ಔಷಧಿ ಹೊಡೆಯುವಾಗಲೂ ಒಬ್ಬನೇ ನಗುತ್ತಿದ್ದ. ಔಷಧಿ ಮೂಗಿಗೆ ಏರಿದೆಯೆಂದು ಆಳುಗಳು ತಿಳಿದಿದ್ದರು.

"ಈಶ್ವರ, ಇವತ್ತ ಹನ್ನೆರಡಕ್ಕ ಮನಿ ನೋಡಾಕ ಬರ್ತೇವಿ," ಎಂದರು ಭಾವುಸಾಹೇಬರು. "ನಿಮ್ಮ ಮನ್ಯಾಗ ಕ್ಯಾಮೆರಾ ಅದಾವಂತ ಅಣ್ಣಾಸಾಬ ಹೇಳಿದ. ಬರೋಬರ್?"

"ಹೌದ್ರಿ! ನಾಕ ಅದಾವ್ರಿ!" ಈಶ್ವರನ ಎದೆ ಉಬ್ಬಿತು.

"ಚಾಂಗಲಾ. ಮಂದಿ ಬರೂ ದಿವಸ ಎಲ್ಲಾರೂ ಶಾಣ್ಯಾರ ಇರ್ತಾರ. ನನಗ ಮಂದಿ ಬರಲಾರದ ದಿವಸ ನೋಡಬೇಕು. ಹಿಂದಿನ ಹದಿನೈದ ದಿನದ ರೆಕಾರ್ಡಿಂಗ ಹಚ್ಚಿ ತೋರಸು. ಮನಸಿಗೆ ಬಂತಂದ್ರ ಅಲ್ಲೇ ಸುಪಾರಿ ಒಡದ ಲಗ್ನಾ ಪಕ್ಕಾ ಮಾಡಿಬಿಡೋಣು."

ಫೋನು ಕಟ್ಟಾಯಿತು. ಉಬ್ಬಿದ ಎದೆ ಪಂಕ್ಚರಾದ ಟ್ರ್ಯಾಕ್ಟರ್ ಟ್ಯೂಬಿನಂತೆ ಇಳಿಯಿತು. ಹದಿನೈದು ದಿನವೆಂದರೆ ಅದರಲ್ಲಿ ಬುಧವಾರವೂ ಬಂತು.

ಭಾವುಸಾಹೇಬರಿಗೆ ಒಂದು ಚಾಳಿ. ಯಾವುದರ ಮೇಲೂ ಅವರು ಸುಮ್ಮನೆ ಕೂರುವವರಲ್ಲ. ಕುರ್ಚಿಯಾಗಲಿ ಹೊರಸಾಗಲಿ, ಮೂರು ಸಲ ಅಂಗೈಯಿಂದ ಒತ್ತಿ, ಬಗ್ಗಿ ಅಡಿಯಲ್ಲಿ ನೋಡಿ, ಮೀಸೆ ತಿರುವಿ, 'ಬರೋಬರ್' ಎಂದು ಒಪ್ಪಿದ ಮೇಲೆಯೇ ಕೂರುವುದು. ಬುಧವಾರ ಸಂಜೆ ಕಾಗವಾಡದಿಂದ ಮರಳಿದಾಗ ತೋಟದ ಆಳುಗಳು, "ಮಾವ ಹೆಂಗ ಅದಾರ್ರಿ ಧಣೀ?" ಎಂದು ಕೇಳಿದ್ದರು. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರನ್ನು ಅನುಕರಿಸಿ ಕಪ್ಪು ಗೆದ್ದ ಈಶ್ವರನಿಗೆ ಅಷ್ಟು ಸಾಕಾಯಿತು. ತಾಯಿಯ ಗುಲಾಬಿ ಸೀರೆ ತಲೆಗೆ ಸುತ್ತಿದ ಮಾವನ ಪಟಗವಾಯಿತು, ಕಸಬರಿಗೆಯ ತುದಿ ಮೀಸೆಯಾಯಿತು. ಅಂಗಳದ ನಡುವೆ ಹೊರಸು ಒತ್ತಿದ, ಕಲ್ಲು ಒತ್ತಿದ, ಕೊನೆಗೆ ಎಮ್ಮೆಯ ಬೆನ್ನನ್ನೇ ಮೂರು ಸಲ ಒತ್ತಿ, "ಎಮ್ಮೀಬಾಯಿ, ತುಮ್ಹಾಲಾ ಕಿತಿ ಎಕರೆ? ಬರೋಬರ್!" ಎಂದು ಮಾವನ ಮರಾಠಿಯಲ್ಲಿ ಎಮ್ಮೆಯ ಜಮೀನಿನ ಲೆಕ್ಕ ಕೇಳಿದ. ಆಳುಗಳು ನೆಲದಲ್ಲಿ ಹೊರಳಾಡಿ ನಕ್ಕಿದ್ದರು. ಎಮ್ಮೆ ಅವತ್ತು ಹಾಲನ್ನೇ ಕೊಡಲಿಲ್ಲ. ಕ್ಯಾಮೆರಾ ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ.

ಈಶ್ವರ ಕೂಡಲೇ ಕ್ಯಾಮೆರಾ ಕೂಡಿಸಿದ ಹಾರೂಗೇರಿಯ ಸಂಗ್ರಾಮನಿಗೆ ಫೋನು ಹಚ್ಚಿದ. "ಒಂದ ದಿವಸದ್ದ ಅಷ್ಟ ಅಳಿಸಾಕ ಬರ್ತೈತೇನು?"

"ಇಲ್ರಿ. ಅಳಿಸಿದ್ರ ಡಿಸ್ಕಿನ್ಯಾಗಿಂದ ಎಲ್ಲಾ ಹೋಗ್ತೈತಿ. ನಾ ಈಗ ನಿಪ್ಪಾಣಿ ಬಸ್ಸಿನ್ಯಾಗ ಅದೀನ್ರಿ..."

ಅಷ್ಟರಲ್ಲಿ ಈ ಸಂಬಂಧ ತಂದ ಮಧ್ಯಸ್ಥಗಾರ ಅಣ್ಣಾಸಾಬ ಬಂದ. ಹಿಂದೆಯೇ ಬೀಗರಿಗೆ ಮಂಡಕ್ಕಿಯ ಸುಸಲಾ ಮಾಡಿಕೊಡಲು ಎದುರುಮನೆಯ ರುಕ್ಮವ್ವ ಬಂದಳು. ಸಂಗತಿ ಕೇಳಿ ಅಣ್ಣಾಸಾಬ ತಲೆಯ ಮೇಲೆ ಕೈಹೊತ್ತ.

"ಪೂರಾ ಅಳಿಸಬ್ಯಾಡೋ ಮಾರಾಯಾ! ಖಾಲಿ ಡಿಸ್ಕ ನೋಡಿದ್ರ ಹುಡುಗ ಏನೋ ಭಾನಗಡಿ ಮಾಡ್ಯಾನಂತ ತಿಳೀತಾರ. ಎಮ್ಮಿ ಮುಂದ ಕುಣದಾನಂತ ಯಾರಿಗೂ ಹೊಳಿಯೂದಿಲ್ಲ, ಅದಕ್ಕಿಂತ ಹೊಲಸ ಹೊಳೀತಾವ."

"ಮತ್ತ ನೀ ಯಾಕ ಕ್ಯಾಮೆರಾದ ಸುದ್ದಿ ಹೇಳಾಕ ಹೋಗಿದ್ದಿ?" ಎಂದಳು ಕಸ್ತೂರೆವ್ವ.

"ನೌಕರಿ ಇಲ್ಲದ ಹುಡುಗನ ಬಗ್ಗೆ ಮತ್ತೇನ ಹೇಳ್ಳಿ ಬೇ? ಕ್ಯಾಮೆರಾ ಹೇಳಿದೆ." ಅಣ್ಣಾಸಾಬ ಗೋಡೆಯಾಚೆ ನೋಡಿದ. ಅವನ ಕಣ್ಣು ಮಿಂಚಿತು. "ಲಗಮಣ್ಣನ ಡಿಸ್ಕ ತಂದ ಹಾಕಿದ್ರ?"

ಲಗಮಣ್ಣ ಈಶ್ವರನ ಕಾಕಾನ ಮಗ. ಅಜ್ಜನ ಮನೆ ವಾಟ್ಣಿಯಾಗಿ ಎರಡು ಪಾಲಾದಾಗ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ಆಚೆ ಈಚೆ ಒಂದೇ ತರಹದ ಅಂಗಳ, ಒಂದೇ ತರಹದ ಗೋದಲಿ, ಒಂದೇ ಬಣ್ಣದ ಬಾಗಿಲು. ಸಂಗ್ರಾಮ ಒಂದೇ ದಿನ ಎರಡೂ ಮನೆಗೆ ಒಂದೇ ಕಂಪನಿಯ ರೆಕಾರ್ಡರು ಕೂಡಿಸಿದ್ದ. ಲಗಮಣ್ಣ ದಿನಕ್ಕೆ ಹತ್ತು ಮಾತು ಆಡಿದರೆ ಎಂಟು ಎಮ್ಮೆಯ ಸಂಗಡ. ಮೈಕಟ್ಟು, ಎತ್ತರ ಈಶ್ವರನದೇ; ಟೊಪ್ಪಿಗೆ ಹಾಕಿದರೆ ದೂರದಿಂದ ಅಣ್ಣತಮ್ಮಂದಿರ ಗುರುತು ಹತ್ತುತ್ತಿರಲಿಲ್ಲ.

ಗೋಡೆಯ ಮೇಲಿಂದ ಡಿಸ್ಕು ಕೇಳಿದಾಗ ಲಗಮಣ್ಣ "ಒಯ್ಯಿ" ಎಂದ. ಅವತ್ತಿನ ಒಂದು ಮಾತು ಮುಗಿಯಿತು.

ಫೋನಿನಲ್ಲಿ ಸಂಗ್ರಾಮ ಪಾಠ ಹೇಳಿದ: "ಮದಲ ಸ್ವಿಚ್ ಆರಿಸ್ರಿ. ಮುಚ್ಚಳಾ ತಗೀರಿ. ಡಬ್ಬಿ ಡಬ್ಬ ಹಾಕಿದ್ರ ಅಡಿಯಾಗ ನಾಕ ಸ್ಕ್ರೂ ಅದಾವ. ಡಿಸ್ಕಿಗೆ ಎರಡ ವಾಯರ ಇರ್ತಾವ, ಒಂದ ಸಣ್ಣದು, ಒಂದ ಅಗಲಾದ್ದು. ಜಗ್ಗಬ್ಯಾಡ್ರಿ, ಹಗೂರಕ ಬಿಡಸ್ರಿ. ಆ ಡಿಸ್ಕ ಹಾಕಿದ ಮ್ಯಾಲೆ ಅಳಸಲೇನಂತ ಮಷೀನ ಕೇಳಿದ್ರ ಬ್ಯಾಡ ಅನ್ರಿ..." ಅಷ್ಟಕ್ಕೆ ಬಸ್ಸು ಯಾವುದೋ ಘಾಟಿ ಹೊಕ್ಕಿತು.

ಈಶ್ವರ ಸ್ವಿಚ್ ಆರಿಸಿದ. ಆರಿಸಿದ್ದು ಟೀವಿಯದು. ಮುಚ್ಚಳ ತೆಗೆದು ಬೆರಳು ಒಳಗಿಟ್ಟನೋ ಇಲ್ಲವೋ, 'ಚಟ್' ಎಂಬ ಸದ್ದಿನೊಂದಿಗೆ ಹತ್ತೊಂಬತ್ತೂ ಕನ್ಯೆಯರು ಒಮ್ಮೆಲೇ ಕಣ್ಣಮುಂದೆ ಬಂದು ಹೋದರು.

"ಅಯ್ಯಯ್ಯ, ಕರೆಂಟ ಹಿಡದೈತಿ! ಕಟಿಗಿಲೆ ಹೊಡೀಬೇಕು!" ಎಂದು ರುಕ್ಮವ್ವ ಲಟ್ಟಣಿಗೆ ಹಿಡಿದು ಓಡಿಬಂದು ಅವನ ಮೊಣಕೈಗೆ ಬಾರಿಸತೊಡಗಿದಳು.

"ಬಿಟ್ಟೈತಿ! ಬಿಟ್ಟೈತಿ ಬೇ ಚಿಗವ್ವಾ!"

"ಹಿಡದಾವರು ಹಂಗ ಒದರ್ತಾರ!" ಎಂದು ಇನ್ನೆರಡು ಕೊಟ್ಟಳು.

ಕರೆಂಟು ಅವನನ್ನು ಬಿಟ್ಟಿತ್ತು, ಆದರೆ ರೆಕಾರ್ಡರಿನ ಪ್ರಾಣವನ್ನು ಬಿಟ್ಟಿರಲಿಲ್ಲ. ಒಳಗಿನ ಕರೆಂಟಿನ ಪಟ್ಟಿ ಸುಟ್ಟು ಮೂಲೆಯಲ್ಲಿ ಕಪ್ಪಗಾಗಿತ್ತು. ಅಣ್ಣಾಸಾಬ ಗೋಡೆ ಹಾರಿ ಹೋಗಿ ಲಗಮಣ್ಣನ ರೆಕಾರ್ಡರಿನಿಂದ ಡಿಸ್ಕು ಬಿಚ್ಚಿ ತಂದ. ಮತ್ತೆ ಹಾರಿ ಕರೆಂಟಿನ ಪಟ್ಟಿ ತಂದ. ಅದನ್ನು ಕೂಡಿಸುವಾಗ ಈಶ್ವರನ ಅವಸರದ ಕೈಗೆ ಸಿಕ್ಕಿ ಒಳಗಿನ ಪುಟ್ಟ ಫ್ಯಾನಿನ ವಾಯರು ಹರಿಯಿತು. ಅಣ್ಣಾಸಾಬ ಮೂರನೆಯ ಸಲ ಹಾರಿ ಫ್ಯಾನು ತಂದ. ನಾಲ್ಕನೆಯ ಸಲ ಸಣ್ಣ ವಾಯರಿಗಾಗಿ ಹಾರಿದಾಗ ಅವನ ಧೋತರದ ಅರ್ಧ ಗೋಡೆಯ ಮೇಲೆಯೇ ಉಳಿಯಿತು. ಡಿಸ್ಕಿನ ಒಂದು ಸ್ಕ್ರೂ ಮಾತ್ರ ಟಣ್ ಎಂದು ಹಾರಿ ಎಲ್ಲಿಯೋ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ರೆಕಾರ್ಡರು ಪೀಂ ಎಂದು ಎದ್ದಿತು. ಹಳೆಯ ರೆಕಾರ್ಡಿಂಗು ಹಚ್ಚಿದರೆ ಟೀವಿಯಲ್ಲಿ ಲಗಮಣ್ಣನ ಅಂಗಳ ಮೂಡಿತು. ಈಶ್ವರನ ಡಬ್ಬಿಯಲ್ಲಿ ಈಶ್ವರನದೆಂದು ಉಳಿದದ್ದು ಸರ್ಕ್ಯೂಟಿನ ಹಸಿರು ಹಲಗೆ ಮತ್ತು ಮುಚ್ಚಳ ಮಾತ್ರ.

ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಸ್ತೂರೆವ್ವ ಮೆಲ್ಲಗೆ ಕೇಳಿದಳು: "ಅಲ್ಲೋ, ಅವನ ಡಬ್ಬೀನ ಪೂರಾ ಎತ್ತಿಕೊಂಡ ಬಂದಿದ್ರ ಆಗ್ತಿರಲಿಲ್ಲೇನು?"

ಅಣ್ಣಾಸಾಬ ತನ್ನ ಹರಿದ ಧೋತರವನ್ನೇ ನೋಡುತ್ತ ಕುಳಿತ.

ಹನ್ನೆರಡಕ್ಕೆ ಸರಿಯಾಗಿ ಭಾವುಸಾಹೇಬರ ಜೀಪು ಬಂತು. ಒಳಗೆ ಬಂದವರೇ ಕುರ್ಚಿಯನ್ನು ಮೂರು ಸಲ ಒತ್ತಿ, ಅಡಿಯಲ್ಲಿ ಬಗ್ಗಿ ನೋಡಿ, ಮೀಸೆ ತಿರುವಿ, "ಬರೋಬರ್" ಎಂದು ಕೂತರು. ರುಕ್ಮವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಸುಸಲಾ ಬಂತು. ಎರಡನೆಯ ತುತ್ತಿಗೆ ಅಣ್ಣಾಸಾಬನ ದವಡೆಯಲ್ಲಿ 'ಕಟ್' ಎಂದಿತು. ಕಳೆದುಹೋದ ಸ್ಕ್ರೂ ಎಲ್ಲಿ ಬಿದ್ದಿತ್ತೆಂದು ಆಗ ತಿಳಿಯಿತು. ಮಧ್ಯಸ್ಥಗಾರನ ಧರ್ಮ ಬಿಡದೆ ಅವನು ಅದನ್ನು ನೀರಿನ ಸಂಗಡ ನುಂಗಿಬಿಟ್ಟ.

"ಹಚ್ಚು," ಎಂದರು ಭಾವುಸಾಹೇಬರು.

ಟೀವಿಯಲ್ಲಿ ದಿನಗಳು ಓಡತೊಡಗಿದವು. ಬೆಳಗಿನ ಐದಕ್ಕೆ ಟೊಪ್ಪಿಗೆಯ ಮನುಷ್ಯ ಎದ್ದು ಬರುತ್ತಾನೆ. ಎಮ್ಮೆಯ ಮೈ ತೊಳೆಯುತ್ತಾನೆ. ಸಗಣಿ ಬಳಿಯುತ್ತಾನೆ.

"ದಿನಾ ಐದಕ್ಕ ಏಳ್ತಿ?"

"ರೂಢಿ ಆಗೇತ್ರಿ," ಎಂದು ಈಶ್ವರ ನೆಲ ನೋಡಿದ. ಅವನು ಎಂಟರೊಳಗೆ ಎದ್ದದ್ದನ್ನು ಐಗಳಿಯ ಸೂರ್ಯ ಕೂಡ ಕಂಡಿರಲಿಲ್ಲ.

"ಅಂಗಳಾನೂ ನೀನ ಕಸಾ ಹೊಡೀತಿ?"

"ನಮ್ಮವ್ವಗ ಯಾಕ ತ್ರಾಸ ಅಂತ್ರಿ."

ಕಸ್ತೂರೆವ್ವನಿಗೆ ಚಹಾ ನೆತ್ತಿಗೇರಿತು. ಮಗ ಹುಟ್ಟಿದ ಮೇಲೆ ಕಸಬರಿಗೆ ಹಿಡಿದದ್ದು ಒಂದೇ ಸಲ, ಅದೂ ಮೀಸೆಗೆ.

ಭಾವುಸಾಹೇಬರ ಮುಖ ಅರಳುತ್ತ ಹೋಯಿತು. ಜೇಬಿನಿಂದ ಸುಪಾರಿ ತೆಗೆದು ತಟ್ಟೆಯಲ್ಲಿಟ್ಟರು. ಅಡಕತ್ತರಿ ಕೇಳಿದರು. ಈಶ್ವರನ ಕಿವಿಯಲ್ಲಿ ವಾಲಗ ಶುರುವಾಯಿತು. ಅಷ್ಟರಲ್ಲಿ ಅವರ ಕೈ ತಡೆಯಿತು.

"ಒಂದ ದಿವಸ ಉಳೀತು. ನಮ್ಮನಿಗೆ ಬಂದ ಹೋದಿರಲ್ಲಾ, ಆ ಬುಧವಾರ ಸಂಜಿ. ನಮ್ಮ ಚಾ ಕುಡದ ಮನಿಷಾ ಹಿಂದಿಂದ ಹೆಂಗ ಇರ್ತಾನ ನೋಡೂನು."

ಈಶ್ವರ ನಿಶ್ಚಿಂತನಾಗಿ ಗುಂಡಿ ಒತ್ತಿದ. ಅವನ ಬುಧವಾರ ಬಟ್ಟೆ ಸುತ್ತಿ ಜೋಳದ ಕಣಜದಲ್ಲಿ ಮಲಗಿತ್ತು. ಇದು ಲಗಮಣ್ಣನ ಬುಧವಾರ.

ಟೀವಿಯಲ್ಲಿ ಲಗಮಣ್ಣ ಮುಂದುಗಡೆ ಕೂತು ಹಾಲು ಕರೆಯುತ್ತಿದ್ದ. ಶಾಂತವಾದ ಸಂಜೆ. ಆಗ ಅವನ ಹಿಂದೆ, ಎದೆಮಟ್ಟದ ಗೋಡೆಯಾಚೆ, ಗುಲಾಬಿ ಬಣ್ಣದ್ದೊಂದು ನಿಧಾನವಾಗಿ ಮೇಲೆದ್ದಿತು.

ಅದು ಪಟಗ.

ಪಟಗದ ಕೆಳಗೆ ಕಸಬರಿಗೆ, ಕಸಬರಿಗೆಯ ಹಿಂದೆ ಈಶ್ವರ. ಅವನ ಕ್ಯಾಮೆರಾ ಅವನ ಬೆನ್ನನ್ನಷ್ಟೇ ಹಿಡಿದಿದ್ದರೆ, ಲಗಮಣ್ಣನ ಕ್ಯಾಮೆರಾ ನೇರ ಮುಖವನ್ನೇ ಹಿಡಿದಿತ್ತು. ಒತ್ತಿದ, ಬಗ್ಗಿದ, ಮೀಸೆ ತಿರುವಿದ. ಎಮ್ಮೆಯ ಬೆನ್ನು ಒತ್ತಿದ. ಗೋಡೆಯ ಅಂಚಿನಲ್ಲಿ ಆಳುಗಳ ತಲೆಗಳು ನಗುತ್ತ ಮುಳುಗಿ ಮುಳುಗಿ ಏಳುತ್ತಿದ್ದವು. ಟೊಪ್ಪಿಗೆಯವನು ಮಾತ್ರ ಒಮ್ಮೆ ತಿರುಗಿ ನೋಡಿ, ಮತ್ತೆ ಹಾಲು ಕರೆಯತೊಡಗಿದ.

ಈಶ್ವರನಿಗೆ ಬೆಳಗಿನ ಶಾಕು ಕಚಗುಳಿಯಂತೆ ತೋರಿತು. ಗುಂಡಿ ಒತ್ತಲು ಬೆರಳು ಏಳಲಿಲ್ಲ. ಅಣ್ಣಾಸಾಬ ಹೊಟ್ಟೆ ಹಿಡಿದುಕೊಂಡ. ಸ್ಕ್ರೂ ಎಲ್ಲಿಯೋ ತಿರುಗಿದಂತಾಯಿತು.

ಭಾವುಸಾಹೇಬರು ಟೀವಿಯತ್ತ ಬೆರಳು ಮಾಡಿದರು. "ಇಂವ ನಾನ ಅಲ್ಲೇನು?"

ಯಾರಿಗೂ ಇಲ್ಲವೆನ್ನಲು ಆಗಲಿಲ್ಲ. ಅಷ್ಟು ತದ್ರೂಪವಾಗಿತ್ತು.

"ನಿಂದರಸು." ಅವರು ಎದ್ದು ಟೀವಿಯ ಹತ್ತಿರ ಹೋದರು. "ಗ್ವಾಡಿ ಆಚೆ ಕುಣಿಯಾಂವ ನೀನು. ಬರೋಬರ್. ಹಂಗಾದ್ರ ಗ್ವಾಡಿ ಈಚೆ ಹದಿನೈದ ದಿವಸಿಂದ ಐದಕ್ಕ ಎದ್ದ ಕಸಾ ಹೊಡಿಯಾಂವ ಯಾರು?"

ಅದೇ ಹೊತ್ತಿಗೆ ಬೀಗರ ಎರಡನೆಯ ಚಹಾಕ್ಕೆಂದು ಹಾಲಿನ ಚರಿಗೆ ಹಿಡಿದು ಲಗಮಣ್ಣ ಬಾಗಿಲಲ್ಲಿ ನಿಂತ. ಅದೇ ಟೊಪ್ಪಿಗೆ.

ಭಾವುಸಾಹೇಬರು ಟೀವಿ ನೋಡಿದರು, ಅವನನ್ನು ನೋಡಿದರು. "ನನ್ನ ನೋಡಿ ಊರೆಲ್ಲಾ ಹಲ್ಲ ಕಿಸದೈತಿ. ಇಂವ ಒಬ್ಬ ತಿರುಗಿ ನೋಡಿದ, ನಗಲಿಲ್ಲ. ದೊಡ್ಡಾವರ ಬಗ್ಗೆ ಎಂಥಾ ಮರ್ಯಾದಿ!" ಮುಂದೆ ಬಂದು ಲಗಮಣ್ಣನ ಹೆಗಲನ್ನು ಒಂದು, ಎರಡು, ಮೂರು ಸಲ ಒತ್ತಿದರು. "ಲಗ್ನಾ ಆಗೇತೇನು?"

ಲಗಮಣ್ಣ ಇಲ್ಲವೆಂದು ತಲೆಯಾಡಿಸಿದ.

"ಹುಡುಗ ಅಪರಂಜಿ ಬಂಗಾರ್ರಿ!" ಅಣ್ಣಾಸಾಬ ಅಷ್ಟರಲ್ಲೇ ಗೋಡೆಯ ಆ ಕಡೆಯವನಾಗಿದ್ದ. "ನಾ ಮದಲಿಂದನೂ ಇಂವನ್ನ ಹೇಳಾಂವ ಇದ್ನಿ. ಇವನ ಮನ್ಯಾಗೂ ನಾಕ ಕ್ಯಾಮೆರಾ ಅದಾವ್ರಿ!"

ಭಾವುಸಾಹೇಬರು ತಟ್ಟೆಯಲ್ಲಿದ್ದ ಸುಪಾರಿಯನ್ನು ಎತ್ತಿಕೊಂಡು ಆಚೆಯ ಮನೆಗೆ ನಡೆದರು. ಮರುವಾರ ನೀಲಮಳನ್ನು ಕರೆತಂದು ತೋರಿಸುವುದಾಯಿತು. ಅವಳು ಲಗಮಣ್ಣನನ್ನು ನೋಡಿಯೂ ನಕ್ಕಳಂತೆ. ಅವಳದು ನಗುಮುಖ, ಟ್ರೇ ಯಾರ ಮುಂದೆ ಇಳಿಸಿದರೂ ನಗುತ್ತಾಳೆಂದು ರುಕ್ಮವ್ವ ಬಂದು ಹೇಳಿ, ಲಟ್ಟಣಿಗೆಯಿಂದ ಹೊಡೆದದ್ದಕ್ಕಿಂತ ಹೆಚ್ಚು ನೋಯಿಸಿ ಹೋದಳು.

ಅವಳು ಹೇಳಿಹೋದ ಸಂಜೆ ಈಶ್ವರ ಗೋಡೆಗೆ ಆತುಕೊಂಡು ನಿಂತ. ಆಚೆ ಲಗಮಣ್ಣ ಹಾಲು ಕರೆಯುತ್ತಿದ್ದ.

"ಲಗಮಾ, ಒಂದ ಖರೇ ಹೇಳಲೇ. ಆ ಬುಧವಾರ ಎಲ್ಲಾರೂ ಬಿದ್ದ ಬಿದ್ದ ನಕ್ರು. ನೀ ಯಾಕ ನಗಲಿಲ್ಲ?"

ಲಗಮಣ್ಣ ಬಾಯಿ ಅಗಲಿಸಿ ಬೆರಳಿನಿಂದ ಒಳಗೆ ತೋರಿಸಿದ. ಎಡದವಡೆಯಲ್ಲಿ ಎರಡು ಹಲ್ಲಿನ ಜಾಗ ಖಾಲಿ ಇತ್ತು.

"ಅವತ್ತ ಅಥಣ್ಯಾಗ ಕೀಳಿಸಿಕೊಂಡ ಬಂದಿದ್ನಿ. ಎಂಟ ದಿವಸ ನಗಬಾರದಂತ ಡಾಕ್ಟರ ಹೇಳಿದ್ರು. ತಡಕೊಂಡ ತಡಕೊಂಡ ಸಾಯೂದ ಒಂದ ಬಾಕಿ ಇತ್ತು."

ಹುಟ್ಟಿದಾಗಿನಿಂದ ಲಗಮಣ್ಣ ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ಈಶ್ವರ ಕೇಳಿರಲಿಲ್ಲ. ಲಗಮಣ್ಣ ಸುತ್ತ ನೋಡಿ, ಎದ್ದು ಹೋಗಿ, ಕ್ಯಾಮೆರಾದ ಮೇಲೆ ತನ್ನ ಟೊಪ್ಪಿಗೆ ಹಾಕಿ ಬಂದ.

"ಈಗ ಗಾಯ ಮಾದೈತಿ," ಎಂದ. "ನಮ್ಮ ಮಾವಂದ ಇನ್ನೊಮ್ಮೆ ಮಾಡಿ ತೋರಸು."